ಬಂದು ಹೋಗುವ ಮೇಷ್ಟ್ರು



ಶಿಕ್ಷಣಕ್ಕೆ ಸಂಬಂಧಪಟ್ಟ ಯಾವ ವಿಷಯವಾದರೂ ಸರಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ನನಗೆ ಸಲಿಗೆ ಕೊಟ್ಟರು. ಆ ಸಲಿಗೆಯನ್ನು ಸ್ವಲ್ಪ ಹೆಚ್ಚಾಗಿಯೇ ಬಳಸಿಕೊಂಡು ನಿಮ್ಮನ್ನು ಜಪಾನಿಗೆ ಕರೆದುಕೊಂಡು ಹೊರಟಿದ್ದೇನೆ. ವಾಪಸು ಬರುವಾಗ ಮೈಸೂರಿನ ಮೇಲೆ ಬರೋಣ. ಬೇರೆ ದೇಶದಿಂದ ಕೆಲವು ತಿಂಗಳಿಗೋ ಒಂದೆರಡು ವರ್ಷಕ್ಕೋ ಬಂದ ಮೇಷ್ಟ್ರು ತನ್ನದಲ್ಲದ ಊರಿನ ಮಕ್ಕಳ ಎದುರು ನಿಂತು, ‘ಮುಂದೆ ಏನಾಗಬೇಕು ಅಂದುಕೊಂಡಿದ್ದೀಯ?’ ಎಂದು ಕೇಳುತ್ತಾನೆ. ಉತ್ತರ ಹಣ್ಣಾಗುವ ಹೊತ್ತಿಗೆ ಅವನು ಆ ಊರಿನಲ್ಲಿರುವುದಿಲ್ಲ. ಹಾಗಿದ್ದ ಮೇಲೆ ಆ ಪ್ರಶ್ನೆಗೆ ಬೆಲೆ ಎಷ್ಟು? ಇವತ್ತು ನಾನು ಮಾತನಾಡಬೇಕೆಂದಿರುವುದು ಇದರ ಬಗ್ಗೆ. ಜಪಾನನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪರದೇಶದ ಮೇಷ್ಟ್ರುಗಳನ್ನು ಸಂಬಳ ಕೊಟ್ಟು, ಕರಾರು ಬರೆಸಿಕೊಂಡು, ಅವಧಿ ಮುಗಿದ ಮೇಲೆ ಊರಿಗೆ ಕಳಿಸಿಕೊಡುವ ಕೆಲಸವನ್ನು ಅವರಷ್ಟು ಅಚ್ಚುಕಟ್ಟಾಗಿ ಮಾಡಿದ ದೇಶ ಇನ್ನೊಂದು ನನಗೆ ಕಾಣದು.

ಮೊದಲು ಹೆಸರಾದವರಿಂದ ಶುರುಮಾಡೋಣ. ವಿಲಿಯಂ ಸ್ಮಿತ್ ಕ್ಲಾರ್ಕ್ ಅಮೆರಿಕದ ಮ್ಯಾಸಚೂಸೆಟ್ಸ್ ಕೃಷಿ ಕಾಲೇಜಿನ ಅಧ್ಯಕ್ಷರು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಬಲ್ಲವರು, ಅಂತರ್ಯುದ್ಧದಲ್ಲಿ ಕರ್ನಲ್ ಆಗಿದ್ದವರು. ಜಪಾನ್ ಸರ್ಕಾರ ಉತ್ತರದ ಹೊಕ್ಕೈಡೊ ದ್ವೀಪವನ್ನು ಸಾಗುವಳಿಗೆ ತರುವ ಹಟಕ್ಕೆ ಬಿದ್ದಿತ್ತು. ಅದಕ್ಕಾಗಿ ಸಪ್ಪೊರೊದಲ್ಲಿ ಕೃಷಿ ಕಾಲೇಜು ತೆರೆಯಲು ಇವರನ್ನು ಒಂದು ವರ್ಷದ ಕರಾರಿನ ಮೇಲೆ ಕರೆಸಿಕೊಂಡಿತು. ಕಾಲೇಜು ಶುರುವಾದದ್ದು 1876ರ ಆಗಸ್ಟ್‌ನಲ್ಲಿ. ಮರುವರ್ಷದ ಏಪ್ರಿಲ್‌ನಲ್ಲಿ ಕ್ಲಾರ್ಕ್ ಹೊರಟೇಬಿಟ್ಟರು. ಸಪ್ಪೊರೊದಲ್ಲಿ ಇದ್ದದ್ದು ಎಂಟೂವರೆ ತಿಂಗಳು. ಬೀಳ್ಕೊಡಲು ಶಿಮಮತ್ಸು ಎಂಬ ಊರಿನವರೆಗೆ ಬಂದ ಶಿಷ್ಯರನ್ನು ಕುದುರೆಯ ಮೇಲಿನಿಂದ ನೋಡಿ, ‘ಹುಡುಗರೇ, ದೊಡ್ಡದಕ್ಕೆ ಆಸೆಪಡಿ’ ಎಂಬ ಅರ್ಥದ ಮಾತು ಹೇಳಿ ಹೋದರಂತೆ. ‘ಅಂತೆ’ ಎಂದು ಬೇಕೆಂದೇ ಸೇರಿಸಿದೆ. ಆ ಮಾತು ಅಚ್ಚಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಶಿಷ್ಯರ ನೆನಪಿನಿಂದ. ಅದಾದ ಮೇಲೆ ಅವರು ಇನ್ನೇನು ಹೇಳಿದರು ಎನ್ನುವುದಕ್ಕೆ ಬೇರೆ ಬೇರೆ ಪಾಠಗಳಿವೆ. ಅಷ್ಟಾದರೂ ಇಂದಿಗೂ ಜಪಾನಿನ ಶಾಲೆಯ ಮಕ್ಕಳಿಗೆ ಗೊತ್ತಿರುವ ಇಂಗ್ಲಿಷ್ ವಾಕ್ಯಗಳಲ್ಲಿ ಅದೊಂದು. ಸಪ್ಪೊರೊದ ಹಿತ್ಸುಜಿಗವೊಕಾ ಗುಡ್ಡದ ಮೇಲೆ 1976ರಲ್ಲಿ ಕ್ಲಾರ್ಕರ ಪೂರ್ಣಾಕೃತಿಯ ಪ್ರತಿಮೆ ನಿಲ್ಲಿಸಿದರು. ಬಲಗೈ ಚಾಚಿ ದೂರಕ್ಕೆ ತೋರಿಸುವ ಪ್ರತಿಮೆ. ಪ್ರವಾಸಿಗಳು ಅದರ ಪಕ್ಕ ನಿಂತು ತಾವೂ ಹಾಗೇ ಕೈ ಚಾಚಿ ಫೋಟೊ ತೆಗೆಸಿಕೊಳ್ಳುತ್ತಾರೆ. 

ನನಗೆ ಕ್ಲಾರ್ಕರಿಗಿಂತ ವಿಲಿಯಂ ಬ್ರೂಕ್ಸ್ ಮೇಲೆ ಪ್ರೀತಿ ಹೆಚ್ಚು. ಇವರೂ ಅದೇ ಮ್ಯಾಸಚೂಸೆಟ್ಸ್ ಕಾಲೇಜಿನಲ್ಲಿ ಓದಿದವರು. 1877ರಲ್ಲಿ ಸಪ್ಪೊರೊಗೆ ಬಂದರು, ಹೋದದ್ದು 1888ರಲ್ಲಿ. ಆ ಹತ್ತು ಹನ್ನೊಂದು ವರ್ಷ ಹುಡುಗರಿಗೆ ಬೇಸಾಯ ಕಲಿಸಿದರು. ಹೊಕ್ಕೈಡೊದ ಈರುಳ್ಳಿ ಬೆಳೆಯ ಬೇರು ಹುಡುಕಿಕೊಂಡು ಹೋದರೆ ಈ ಮನುಷ್ಯನ ಹೆಸರು ಸಿಗುತ್ತದೆ. ಅಮೆರಿಕದ ಹಳದಿ ಈರುಳ್ಳಿಯ ತಳಿಯೊಂದು ಅಲ್ಲಿನ ಚಳಿಗೆ ಒಗ್ಗಿ ‘ಸಪ್ಪೊರೊ ಹಳದಿ’ ಎಂದಾಯಿತು. ಇವತ್ತು ಜಪಾನಿನಲ್ಲಿ ಅತಿ ಹೆಚ್ಚು ಈರುಳ್ಳಿ ಬೆಳೆಯುವುದು ಹೊಕ್ಕೈಡೊ. ಬ್ರೂಕ್ಸ್ ಹೇಳಿದ ಒಂದು ವಾಕ್ಯವೂ ಯಾವ ಮಗುವಿನ ಬಾಯಲ್ಲೂ ಇಲ್ಲ.

ಹಾಗಾದರೆ ಕ್ಲಾರ್ಕ್ ಬರೀ ಮಾತಿನ ಮಲ್ಲರೇ? ಅಷ್ಟು ಸಲೀಸಾಗಿ ತೀರ್ಪು ಕೊಡಲು ಬರುವುದಿಲ್ಲ. ಅವರು ತಂದ ಕನಸು ಅವರದೇ ಆಗಿತ್ತು, ಹುಡುಗರದಾಗಿರಲಿಲ್ಲ. ನೀತಿಪಾಠಕ್ಕೆ ಬೈಬಲ್ ಬೇಕು ಎಂದು ಹೊಕ್ಕೈಡೊದ ಹೊಣೆ ಹೊತ್ತಿದ್ದ ಕುರೊಡಾ ಕಿಯೊತಕ ಅವರೊಂದಿಗೆ ವಾದ ಹೂಡಿ ಒಪ್ಪಿಗೆ ಪಡೆದರು. ಹೊರಡುವ ಮುಂಚಿನ ತಿಂಗಳು ಕ್ರಿಸ್ತನಲ್ಲಿ ನಂಬಿಕೆಯ ಒಪ್ಪಂದವೊಂದನ್ನು ಬರೆದು ಮೊದಲ ತಂಡದ ಹುಡುಗರಿಂದ ರುಜು ಹಾಕಿಸಿದರು. ಎರಡನೇ ತಂಡ ಬರುವ ಹೊತ್ತಿಗೆ ಕ್ಲಾರ್ಕ್ ಇರಲಿಲ್ಲ, ಒಪ್ಪಂದದ ಹಾಳೆ ಇತ್ತು. ಹಿರಿಯ ವಿದ್ಯಾರ್ಥಿಗಳು ಹೊಸಬರ ಬೆನ್ನಿಗೆ ಬಿದ್ದು ರುಜು ಹಾಕಿಸಿದರು. ಹಾಗೆ ಮನಸ್ಸಿಲ್ಲದ ಮನಸ್ಸಿನಿಂದ ರುಜು ಹಾಕಿದವರಲ್ಲಿ ಉಚಿಮುರ ಕನ್‌ಜೊ ಒಬ್ಬರು. ಆ ಬಲವಂತವನ್ನು ಅವರೇ 1895ರಲ್ಲಿ ಇಂಗ್ಲಿಷಿನಲ್ಲಿ ಬರೆದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದೇ ತಂಡದಲ್ಲಿದ್ದ ನಿತೊಬೆ ಇನಜೊ ಮುಂದೆ ಟೋಕಿಯೊದಲ್ಲಿ ಪ್ರವೇಶದ ಸಂದರ್ಶನದಲ್ಲಿ, ಪೆಸಿಫಿಕ್ ಸಾಗರಕ್ಕೆ ಸೇತುವೆಯಾಗಬೇಕೆಂದಿದ್ದೇನೆ ಎಂದರಂತೆ. 1920ರಲ್ಲಿ ಲೀಗ್ ಆಫ್ ನೇಷನ್ಸ್‌ನ ಉಪ ಮಹಾಕಾರ್ಯದರ್ಶಿಯಾದರು. ಐದು ಸಾವಿರ ಯೆನ್ ನೋಟಿನ ಮೇಲೆ ಬಹಳ ವರ್ಷ ಅವರ ಮುಖವಿತ್ತು. ಈ ಇಬ್ಬರಿಗೂ ಕ್ಲಾರ್ಕ್ ಒಂದು ದಿನವೂ ಪಾಠ ಮಾಡಿಲ್ಲ.

ಉಚಿಮುರ ಏನಾದರು ಎನ್ನುವುದು ಇನ್ನೂ ಸ್ವಾರಸ್ಯದ ಸಂಗತಿ. ಬಲವಂತದಿಂದ ಬಂದ ನಂಬಿಕೆಯನ್ನು ಬಿಡಲಿಲ್ಲ, ಬಂದ ರೂಪದಲ್ಲಿ ಇಟ್ಟುಕೊಳ್ಳಲೂ ಇಲ್ಲ. ಪಾದ್ರಿಗಳ ಹಂಗು ಬೇಡ, ಮಿಷನ್ನುಗಳ ದುಡ್ಡು ಬೇಡ, ಚರ್ಚಿನ ಕಟ್ಟಡವೇ ಬೇಡ ಎಂಬ ಜಪಾನೀ ಕ್ರೈಸ್ತ ಪಂಥವನ್ನೇ ಕಟ್ಟಿದರು. ಕ್ಲಾರ್ಕ್ ನೋಡಿದ್ದರೆ ಮೆಚ್ಚುತ್ತಿದ್ದರೋ ಮುನಿಯುತ್ತಿದ್ದರೋ ಹೇಳುವುದು ಕಷ್ಟ. ಅಷ್ಟರಲ್ಲಿ ಅವರು ಅಮೆರಿಕದಲ್ಲಿ ಗಣಿ ಕಂಪನಿ ಶುರುಮಾಡಿ, 1882ರಲ್ಲಿ ಅದು ಮುಳುಗಿ, ನಂಬಿ ದುಡ್ಡು ಹಾಕಿದವರ ಕಣ್ಣಿಗೆ ಕೆಟ್ಟವರಾಗಿ, 1886ರಲ್ಲಿ ತೀರಿಕೊಂಡಿದ್ದರು. ದೊಡ್ಡದಕ್ಕೆ ಆಸೆಪಡಿ ಎಂದವರ ಆಸೆ ಎಲ್ಲಿಗೆ ತಂದು ನಿಲ್ಲಿಸಿತು ಎನ್ನುವುದನ್ನು ಪ್ರತಿಮೆಯ ಕೆಳಗೆ ಕೆತ್ತಿಲ್ಲ. ಕೆತ್ತಬೇಕೆಂದು ನಾನೂ ಹೇಳುವುದಿಲ್ಲ.

ಇನ್ನೊಂದು ಬಗೆಯ ಮೇಷ್ಟ್ರು ಲಫ್ಕಾಡಿಯೊ ಹರ್ನ್. ಗ್ರೀಸಿನ ದ್ವೀಪದಲ್ಲಿ ಹುಟ್ಟಿದ್ದು, ತಂದೆ ಐರಿಷ್, ಕಸುಬು ಅಮೆರಿಕದಲ್ಲಿ ಪತ್ರಿಕೆಗೆ ಬರೆಯುವುದು, ಕಣ್ಣು ಒಂದೇ. ನಲವತ್ತರ ವಯಸ್ಸಿನಲ್ಲಿ, 1890ರ ಆಗಸ್ಟ್ ಕೊನೆಗೆ, ಮತ್ಸುಎ ಎಂಬ ಹಳೆಯ ಊರಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದರು. ಅಲ್ಲಿನ ಮಿಡ್ಲ್ ಸ್ಕೂಲಿನ ದಿನಗಳನ್ನು ದಿನಚರಿಯ ರೂಪದಲ್ಲಿ ಬರೆದಿದ್ದಾರೆ. ಉಪನ್ಯಾಸಕ್ಕೆಂದು ಅದನ್ನು ಮತ್ತೆ ಓದಿದೆ. ಈ ಮನುಷ್ಯ ಹುಡುಗರಿಗೆ ಗುರಿ ತೋರಿಸುವ ಗೊಡವೆಗೇ ಹೋಗುವುದಿಲ್ಲ. ಪ್ರಬಂಧ ಬರೆಸುತ್ತಾರೆ, ಬರೆದದ್ದನ್ನು ಕಿವಿಗೊಟ್ಟು ಓದುತ್ತಾರೆ. ಎಲ್ಲರ ಹಾಳೆಗಳಲ್ಲೂ ಅವವೇ ಉಪಮೆಗಳು ಬರುವುದನ್ನು ಗಮನಿಸುತ್ತಾರೆ. ಈ ಮಕ್ಕಳ ಕಲ್ಪನೆಯನ್ನು ಅವರಿಗಿಂತ ಮುಂಚೆಯೇ ಯಾರೋ ಕಟ್ಟಿಕೊಟ್ಟಿದ್ದಾರೆ ಎಂದು ಅವರಿಗೆ ಅನ್ನಿಸುತ್ತದೆ.

ಆ ದಿನಚರಿಯಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಜಾಗ ಒಂದಿದೆ. ಜಪಾನೀ ಹುಡುಗನನ್ನು ನಿನ್ನ ಎಲ್ಲಕ್ಕಿಂತ ದೊಡ್ಡ ಆಸೆ ಯಾವುದು ಎಂದು ಕೇಳಿ, ಕೇಳಿದವರ ಮೇಲೆ ಅವನಿಗೆ ನಂಬಿಕೆ ಇದ್ದರೆ ಹತ್ತಕ್ಕೆ ಒಂಬತ್ತು ಸಲ ಬರುವ ಉತ್ತರ, ಚಕ್ರವರ್ತಿಗಾಗಿ ಸಾಯುವುದು. ಹರ್ನ್ ಇದನ್ನು ಮೆಚ್ಚಿ ಬರೆಯುತ್ತಾರೆ. ನಾವು 1945ರಲ್ಲಿ ಮುಗಿದ ಯುದ್ಧವನ್ನು ಬಲ್ಲ ಕಾಲದವರು, ಮೆಚ್ಚಲಾರೆವು. ಹರ್ನ್ ಮತ್ಸುಎಗೆ ಬಂದು ಎರಡು ತಿಂಗಳಿಗೆ, 1890ರ ಅಕ್ಟೋಬರ್ 30ರಂದು, ಶಿಕ್ಷಣದ ಬಗ್ಗೆ ಚಕ್ರವರ್ತಿಯ ಆಜ್ಞಾಪತ್ರ ಹೊರಟಿತು. ದೇಶದ ಪ್ರತಿ ಶಾಲೆಯಲ್ಲೂ ಅದನ್ನು ಭಯಭಕ್ತಿಯಿಂದ ಓದಿಸಿದರು. ಮಕ್ಕಳ ಕನಸನ್ನು ಸರ್ಕಾರವೇ ಬರೆದುಕೊಟ್ಟ ಹಾಗಾಯಿತು. ಮೂರು ತಿಂಗಳೊಳಗೆ, 1891ರ ಜನವರಿಯಲ್ಲಿ, ಟೋಕಿಯೊದ ಶಾಲೆಯೊಂದರಲ್ಲಿ ಅದೇ ಆಜ್ಞಾಪತ್ರದ ಮುಂದೆ ಎಲ್ಲರೂ ಬಾಗುತ್ತಿದ್ದಾಗ ಒಬ್ಬ ಮೇಷ್ಟ್ರು ಬಾಗಬೇಕಾದಷ್ಟು ಬಾಗಲಿಲ್ಲ. ದೇಶವಿಡೀ ಗುಲ್ಲೆದ್ದು, ಅವರ ಕೆಲಸ ಹೋಯಿತು. ಆ ಮೇಷ್ಟ್ರು ಬೇರೆ ಯಾರೂ ಅಲ್ಲ, ಸಪ್ಪೊರೊದಲ್ಲಿ ಬಲವಂತಕ್ಕೆ ರುಜು ಹಾಕಿದ್ದ ಉಚಿಮುರ ಕನ್‌ಜೊ.

ಒತ್ತಾಯ ಕೆಟ್ಟದ್ದು, ಕೇಳಿಸಿಕೊಳ್ಳುವುದು ಒಳ್ಳೆಯದು ಎಂಬ ನನ್ನ ಲೆಕ್ಕ ಇಲ್ಲಿ ತಪ್ಪಿತು. ಒತ್ತಾಯ ಮಾಡಿದ ಕ್ಲಾರ್ಕರ ಹಾಳೆಯಿಂದ ಎದ್ದು ಬಂದವನು ತಲೆಬಾಗದ ಮನುಷ್ಯ. ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟು ಪ್ರೀತಿಯಿಂದ ಕೇಳಿಸಿಕೊಂಡ ಹರ್ನ್ ಎದುರಿಗಿದ್ದವರು ಸಾಯಲು ಸಿದ್ಧರಾಗಿದ್ದ ಹುಡುಗರು. ಹೊರಗಿನವನು ಬರೀ ಕೇಳಿಸಿಕೊಂಡರೆ ಸಾಲದು ಎಂದು ಇದರಿಂದ ತೀರ್ಮಾನಿಸಬಹುದು. ನಾನು ತೀರ್ಮಾನಿಸುವುದು ಬೇರೆ. ಬಂದು ಹೋಗುವ ಮೇಷ್ಟ್ರ ಪಾಠದ ಫಲ ಏನೆಂಬುದು ಅವರ ಕೈಯಲ್ಲಿ ಇಲ್ಲವೇ ಇಲ್ಲ. ಅವರು ಹೋದ ಮೇಲೆ ಆ ಮಗುವಿನ ಜೊತೆ ಯಾರು ಉಳಿಯುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಮತ್ಸುಎಯಲ್ಲಿ ಹರ್ನ್ ಅವರಿಗೆ ದಾರಿ ತೋರಿಸಿದ್ದು, ಹುಡುಗರ ಮನೆಮಾತು ತಿಳಿಸಿದ್ದು ನಿಶಿದಾ ಸೆನ್‌ತಾರೊ ಎಂಬ ಅಲ್ಲಿನ ಮೇಷ್ಟ್ರು. ಹರ್ನ್ ತಮ್ಮ ಒಂದು ಪುಸ್ತಕವನ್ನು ಅವರಿಗೇ ಅರ್ಪಿಸಿದ್ದಾರೆ. ಹರ್ನ್ ಹದಿನೈದು ತಿಂಗಳಲ್ಲಿ ಕುಮಾಮೊತೊಗೆ ಹೊರಟುಹೋದರು, ನಿಶಿದಾ ಊರಿನಲ್ಲೇ ಇದ್ದರು.

ಈಗ ನಮ್ಮ ಕಾಲಕ್ಕೆ ಬರೋಣ. 1987ರಲ್ಲಿ ಜಪಾನ್ ಸರ್ಕಾರ ಜೆಟ್ ಎಂಬ ಯೋಜನೆ ಶುರುಮಾಡಿತು. ಅಮೆರಿಕದೊಂದಿಗೆ ವ್ಯಾಪಾರದ ಜಗಳ ಕಾವೇರಿದ್ದ ಕಾಲ ಅದು. ಹೊರಗಿನವರಿಗೆ ಬಾಗಿಲು ತೆರೆದಿದ್ದೇವೆ ಎಂದು ತೋರಿಸುವ ಅಗತ್ಯ ಸರ್ಕಾರಕ್ಕಿತ್ತು. ಮೊದಲ ವರ್ಷ ನಾಲ್ಕು ದೇಶಗಳಿಂದ 848 ಜನ ಪದವೀಧರರು ಬಂದರು. ಆಮೇಲೆ ಸಾವಿರ ಸಾವಿರವಾಗಿ ಬಂದರು. ಹೆಚ್ಚಿನವರದು ಹಳ್ಳಿ, ಸಣ್ಣ ಊರಿನ ಶಾಲೆಗಳಲ್ಲಿ ಇಂಗ್ಲಿಷಿನ ಸಹಾಯಕ ಶಿಕ್ಷಕರ ಕೆಲಸ. ಕರಾರು ಒಂದು ವರ್ಷದ್ದು, ಎಷ್ಟು ಮುಂದುವರಿಸಿದರೂ ಐದು ವರ್ಷ. ಅಲ್ಲಿ ಶಾಲೆ ತೆರೆಯುವುದು ಏಪ್ರಿಲ್‌ನಲ್ಲಿ. ಇವರಲ್ಲಿ ಬಹುಪಾಲು ಜನ ಬಂದಿಳಿಯುವುದು ಜುಲೈ ಕೊನೆ, ಆಗಸ್ಟ್‌ಗೆ. ಬರುವುದೇ ಪಾಠದ ನಡುಮಧ್ಯಕ್ಕೆ.

‘ನನ್ನ ಕನಸು’ ಅಲ್ಲಿನ ಇಂಗ್ಲಿಷ್ ಪಾಠದ ಖಾಯಂ ವಿಷಯ. ಜಪಾನೀ ಭಾಷೆಯಲ್ಲಂತೂ ಪ್ರಾಥಮಿಕ ಶಾಲೆ ಮುಗಿಸುವ ಮಕ್ಕಳು ಮುಂದೆ ಏನಾಗುತ್ತೇವೆ ಎಂದು ಬರೆದು ಸಂಚಿಕೆಗೆ ಕೊಡುವುದು ಹಳೆಯ ರೂಢಿ. ಬೇಸ್‌ಬಾಲ್ ಆಟಗಾರ ಇಚಿರೊ ಆರನೇ ತರಗತಿಯಲ್ಲಿ ಬರೆದ ಅಂಥ ಪ್ರಬಂಧ ಆಮೇಲೆ ದೇಶಕ್ಕೇ ಪರಿಚಿತವಾಯಿತು. ಅದೇ ಸಾಲಿನಲ್ಲಿ ಕೂತು ಬೇಸ್‌ಬಾಲ್ ಆಟಗಾರನಾಗುತ್ತೇನೆ ಎಂದು ಬರೆದು ಆಗದೆ ಹೋದ ಮಕ್ಕಳ ಪ್ರಬಂಧಗಳನ್ನು ಯಾರೂ ಅಚ್ಚು ಹಾಕುವುದಿಲ್ಲ, ಬಿಡಿ.

ನನ್ನ ತಂಗಿಯ ಮಗಳು ಮೆಲ್ಬರ್ನ್‌ನಲ್ಲಿ ಬೆಳೆದವಳು. ಜೆಟ್ ಯೋಜನೆಯಲ್ಲಿ ಸಮುದ್ರತೀರದ ಊರೊಂದರ ಶಾಲೆಗೆ ಹೋಗಿದ್ದಳು. ಒಂಬತ್ತನೇ ತರಗತಿಯ ಮಕ್ಕಳಿಗೆ ಹಾಳೆ ಹಂಚುವುದು ಅವಳ ಕೆಲಸ. ‘ನಾನು ಬಿಟ್ಟಸ್ಥಳ ಆಗಬೇಕು, ಏಕೆಂದರೆ ಬಿಟ್ಟಸ್ಥಳ’ ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆ. ಅವಳು ಹೇಳಿದ್ದು: “ಮಾವ, ಅರ್ಧ ಮಕ್ಕಳು ತಮಗೆ ಸ್ಪೆಲ್ಲಿಂಗ್ ಬರೋ ಕೆಲಸಾನೇ ಬರೀತಾರೆ. ಕ್ಲಾಸಿಗೆ ಕ್ಲಾಸೇ ನರ್ಸು, ಕುಕ್ಕು, ಟೀಚರ್ರು!” ಒಬ್ಬ ಹುಡುಗ ಡಾಕ್ಟರ್ ಎಂದು ಬರೆದಿದ್ದ. ಇವಳು ಮಕ್ಕಳ ಜೊತೆಯೇ ಶಾಲೆಯ ಊಟ ಮಾಡುತ್ತಿದ್ದಳು. ಅಲ್ಲಿ ಕ್ಲಾಸಿನಲ್ಲೇ ಡೆಸ್ಕುಗಳನ್ನು ಕೂಡಿಸಿ, ಮಕ್ಕಳೇ ಬಡಿಸಿ, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವುದು ಪದ್ಧತಿ. ಒಂದು ದಿನ ಆ ಹುಡುಗ ಮೀನಿನ ತುಂಡನ್ನು ಬದಿಗೆ ಸರಿಸಿ, ಮುರುಕು ಇಂಗ್ಲಿಷಿನಲ್ಲಿ ಮೆಲ್ಲಗೆ, ಅಪ್ಪನದು ಮೀನಿನ ದೋಣಿ, ತನಗೆ ದೋಣಿಯ ಎಂಜಿನ್ ಇಷ್ಟ, ಸಮುದ್ರ ಇಷ್ಟವಿಲ್ಲ, ವಾಂತಿ ಬರುತ್ತದೆ ಎಂದ. ಡಾಕ್ಟರ್ ಎಂದು ಬರೆದದ್ದು ಯಾಕೆ ಎಂದರೆ ಹಾಳೆ ತುಂಬಬೇಕಿತ್ತಲ್ಲ ಎಂದ.

ಬೆಸ್ತರ ಮನೆಯ ಹುಡುಗ ತನಗೆ ಸಮುದ್ರ ಆಗಿಬರುವುದಿಲ್ಲ ಎಂದು ತನ್ನ ಊರಿನಲ್ಲಿ, ತನ್ನ ಭಾಷೆಯಲ್ಲಿ ಹೇಳುವುದು ಸುಲಭವಲ್ಲ. ಅವನು ಅದನ್ನು ಮನೆಯಲ್ಲಿ ಯಾರಿಗೂ ಬಾರದ ಭಾಷೆಯಲ್ಲಿ, ಬರುವ ವರ್ಷ ಇರುವುದಿಲ್ಲ ಎಂದು ಖಾತ್ರಿಯಿರುವ ಒಬ್ಬಳ ಮುಂದೆ ಹೇಳಿದ. ರೈಲಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರ ಹತ್ತಿರ ನಾವು ಮನೆಯ ಗುಟ್ಟು ಹೇಳಿಕೊಳ್ಳುವುದಿಲ್ಲವೇ, ಹಾಗೆ. ಪರದೇಶದ ಮೇಷ್ಟ್ರಿಂದ ಆಗುವ ನಿಜವಾದ ಉಪಕಾರ ಇದು ಎಂದು ನನ್ನ ಎಣಿಕೆ. ಅವರು ತರುವ ದೊಡ್ಡ ಮಾತುಗಳಿಗಿಂತ, ಅವರ ಎದುರು ಆಡಿದ ಮಾತು ಊರಿನಲ್ಲಿ ಹರಡುವುದಿಲ್ಲ ಎಂಬ ಧೈರ್ಯ ಮಗುವಿಗೆ ಬೇಕಾದದ್ದು.

ನನ್ನ ಸೋದರಸೊಸೆಗೆ ಹುರುಪು ಬಂತು. ನಿನ್ನ ಕನಸಿನ ಬೆನ್ನು ಹತ್ತು ಎಂದು ಹೇಳಿಬಿಡಲೇ ಎಂದುಕೊಂಡು, ಯಾತಕ್ಕೂ ಇರಲಿ ಎಂದು ಜೊತೆಯಲ್ಲಿ ಪಾಠ ಮಾಡುತ್ತಿದ್ದ ಜಪಾನೀ ಮೇಷ್ಟ್ರನ್ನು ಕೇಳಿದಳು. ಅವರು ಅವನ ಕ್ಲಾಸ್ ಟೀಚರೂ ಹೌದು. ವಾಂತಿಯ ವಿಷಯ ಅವರಿಗೆ ಗೊತ್ತಿತ್ತು. ಎಂಜಿನ್ನಿನದು ಗೊತ್ತಿರಲಿಲ್ಲ. ಕಡ್ಡಾಯ ಶಿಕ್ಷಣ ಮುಗಿದು ಹೈಸ್ಕೂಲು ಆರಿಸುವ ವರ್ಷ ಅಲ್ಲಿ ಮಗು, ಹೆತ್ತವರು, ಕ್ಲಾಸ್ ಟೀಚರ್ ಮೂವರೂ ಒಂದೇ ಮೇಜಿಗೆ ಕೂತು ಮಾತಾಡಬೇಕು. ಆ ಮೇಜಿನಲ್ಲಿ ಹೊರಗಿನ ಮೇಷ್ಟ್ರಿಗೆ ಕುರ್ಚಿ ಇಲ್ಲ. ಮೀನುಗಾರಿಕೆಯ ಹೈಸ್ಕೂಲುಗಳಲ್ಲಿ ಎಂಜಿನ್ ವಿಭಾಗ ಇರುವುದುಂಟು, ದಡದಲ್ಲೇ ನಿಂತು ಮಾಡುವ ರಿಪೇರಿ ಕೆಲಸಗಳೂ ಉಂಟು. ಅದನ್ನು ಅಪ್ಪನ ಮುಂದೆ ಹೇಗೆ ಇಡಬೇಕೋ ಹಾಗೆ ಇಡುತ್ತೇನೆ ಎಂದರಂತೆ ಆ ಮೇಷ್ಟ್ರು. “ಆಮೇಲೆ ಅವನು ಎಲ್ಲಿಗೆ ಸೇರಿದ?” ಎಂದು ಕೇಳಿದೆ. “ಗೊತ್ತಿಲ್ಲ ಮಾವ. ಅಷ್ಟರಲ್ಲಿ ನನ್ನ ಬೇರೆ ಸ್ಕೂಲಿಗೆ ಹಾಕಿದ್ರು” ಎಂದಳು.

ಹೋಗದೆ ಅಲ್ಲೇ ಉಳಿದವರೂ ಇದ್ದಾರೆ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಜೆಟ್ ಯೋಜನೆಯ ಇಬ್ಬರು ಅಮೆರಿಕನ್ ಶಿಕ್ಷಕರು ತೀರಿಕೊಂಡರು. ರಿಕುಝೆನ್‌ತಕತಾದಲ್ಲಿ ಮಾಂಟಿ ಡಿಕ್ಸನ್, ಇಶಿನೊಮಾಕಿಯಲ್ಲಿ ಟೇಲರ್ ಆ್ಯಂಡರ್ಸನ್. ಟೇಲರ್ ಅವರಿಗೆ ಇಪ್ಪತ್ತನಾಲ್ಕು ವರ್ಷ. ಮಕ್ಕಳನ್ನು ಹೆತ್ತವರ ಕೈಗೆ ಒಪ್ಪಿಸುವವರೆಗೆ ಶಾಲೆಯಲ್ಲಿದ್ದು ಸೈಕಲ್ಲಿನಲ್ಲಿ ಮನೆ ಕಡೆ ಹೊರಟವರು. ಅವರ ತಂದೆತಾಯಿ ಇಶಿನೊಮಾಕಿಯ ಶಾಲೆಗಳಿಗೆ ಪುಸ್ತಕ ಕೊಡಿಸಲು ಮುಂದಾದರು. ಆ ಪುಸ್ತಕಗಳಿಗೆ ಕಪಾಟು ಮಾಡಿಕೊಟ್ಟದ್ದು ಅದೇ ಊರಿನ ಒಬ್ಬ ಮರಗೆಲಸದವರು. ಅದೇ ನೀರಿನಲ್ಲಿ ತಮ್ಮ ಮೂವರು ಮಕ್ಕಳನ್ನೂ ಕಳೆದುಕೊಂಡವರು ಅವರು. ಆ ಮಕ್ಕಳಿಗೆ ಟೇಲರ್ ಪಾಠ ಹೇಳಿದ್ದರು. ಇದಕ್ಕೆ ಮೇಲೆ ಏನೂ ಸೇರಿಸಲಾರೆ.

ಇನ್ನು ಮೈಸೂರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಹೆಸರು ನಿಮಗೆಲ್ಲ ಗೊತ್ತು. ಅವರು ಜಪಾನಿನಲ್ಲೂ ಮೇಷ್ಟ್ರಾಗಿದ್ದರು ಎನ್ನುವುದು ಎಷ್ಟು ಜನಕ್ಕೆ ಗೊತ್ತೋ ಕಾಣೆ. ಆನಿ ಬೆಸೆಂಟ್ ಅವರ ಕರೆಯ ಮೇಲೆ 1915ರಲ್ಲಿ ಇಂಡಿಯಾಕ್ಕೆ ಬಂದು, ಮದನಪಲ್ಲಿಯಲ್ಲಿ ಪಾಠ ಹೇಳಿ, 1919ರಲ್ಲಿ ಟೋಕಿಯೊದ ಕೇಯೊ ವಿಶ್ವವಿದ್ಯಾಲಯಕ್ಕೆ ಇಂಗ್ಲಿಷ್ ಕಲಿಸಲು ಹೋಗಿ ಬಂದವರು. 1924ರಲ್ಲಿ ಮೈಸೂರಿಗೆ ಬಂದಿದ್ದಾಗ ಹತ್ತೊಂಬತ್ತರ ಹುಡುಗನೊಬ್ಬ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಅವರ ಹತ್ತಿರ ಹೋದ. ಅವನದೊಂದು ಇಂಗ್ಲಿಷ್ ಕವನದ ಕಿರುಪುಸ್ತಕ ಆಗಲೇ ಅಚ್ಚಾಗಿತ್ತು. ಮೆಚ್ಚುಗೆಯ ಮಾತಿಗಾಗಿ ಕಾದಿದ್ದ. ಕಸಿನ್ಸ್ ಕವಿತೆಗಳನ್ನು ನೋಡಿ, ನಿನ್ನ ಮಾತೃಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ಕೇಳಿದರು. ಕನ್ನಡಕ್ಕೆ ಆ ಶಕ್ತಿ ಇಲ್ಲ ಎಂದು ಹುಡುಗ ವಾದಿಸಿದ. ಅವರು ಟಾಗೋರರ ಉದಾಹರಣೆ ಕೊಟ್ಟರು. ಹುಡುಗ ಅಸಮಾಧಾನದಿಂದಲೇ ಹೊರಬಂದ. ಆ ಹುಡುಗ ಕುವೆಂಪು. ‘ನೆನಪಿನ ದೋಣಿಯಲ್ಲಿ’ ಎಂಬ ಆತ್ಮಕಥೆಯಲ್ಲಿ ಅವರು ಇದನ್ನು ವಿವರವಾಗಿ ಬರೆದಿದ್ದಾರೆ.

ಮುರುಕು ಇಂಗ್ಲಿಷಿನಲ್ಲಿ ನಿಜ ಹೇಳಿದ ಜಪಾನೀ ಹುಡುಗನನ್ನೂ ಸೊಗಸಾದ ಇಂಗ್ಲಿಷಿನಲ್ಲಿ ಬೇರೆಯವರ ಕನಸು ಬರೆಯುತ್ತಿದ್ದ ಕುಪ್ಪಳಿಯ ಹುಡುಗನನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನನಗೆ ಇಷ್ಟ. ಇಬ್ಬರಿಗೂ ಹೊರಗಿನವರೊಬ್ಬರು ಬೇಕಾಯಿತು. ಕಸಿನ್ಸ್ ಅವರ ಜಾಗದಲ್ಲಿ ನಮ್ಮವರೇ ಯಾರಾದರೂ ಕನ್ನಡದಲ್ಲಿ ಬರಿ ಎಂದಿದ್ದರೆ ಆ ಹಟಮಾರಿ ಹುಡುಗ ಕೇಳುತ್ತಿದ್ದನೇ? ಇಂಗ್ಲಿಷಿನ ಕವಿಯೇ ಹೇಳಿದ್ದರಿಂದ ನಾಟಿತು. ಆದರೆ ನಾವು ಈ ಕಥೆಯನ್ನು ಹೇಳುವಾಗ ಒಂದು ಅನ್ಯಾಯ ಮಾಡುತ್ತೇವೆ. ಕಸಿನ್ಸ್ ಭೇಟಿಯನ್ನು ಹಾಡಿ ಹೊಗಳಿ, ಅಲ್ಲಿಂದ ನೇರವಾಗಿ ಜ್ಞಾನಪೀಠಕ್ಕೆ ಜಿಗಿಯುತ್ತೇವೆ. ನಡುವಿನ ವರ್ಷಗಳಲ್ಲಿ ಮೈಸೂರಿನಲ್ಲಿ ಜೊತೆಗಿದ್ದು, ಬರೆದದ್ದನ್ನು ಕೇಳಿ, ಕನ್ನಡ ಎಂ.ಎ. ಮಾಡು ಎಂದು ಬೆನ್ನು ತಟ್ಟಿದವರು ಟಿ.ಎಸ್. ವೆಂಕಣ್ಣಯ್ಯನವರು. ಶ್ರೀರಾಮಾಯಣದರ್ಶನಂ ಅರ್ಪಣೆಯಾಗಿರುವುದು ಅವರಿಗೆ. ಶಿಷ್ಯನಿಗೆ ಯಾರ ಋಣ ಎಷ್ಟು ಎನ್ನುವುದು ಸರಿಯಾಗಿ ಗೊತ್ತಿತ್ತು.

ಈ ಮಾತನ್ನು ನಿಮ್ಮ ಮುಂದೆ ಆಡಲು ಹತ್ತಿರದ ಕಾರಣವೂ ಇದೆ. ಡಿಸೆಂಬರ್ ಬಂತೆಂದರೆ ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೂ ಬಂದು ಹೋಗುವ ಮೇಷ್ಟ್ರುಗಳು ಬರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ಹಳೆಯ ವಿದ್ಯಾರ್ಥಿ, ಸಿಂಗಪುರದಲ್ಲಿರುವ ಊರಿನ ಮಗಳು, ಲ್ಯಾಪ್‌ಟಾಪು, ಪ್ರೊಜೆಕ್ಟರು. ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ದೊಡ್ಡ ಕನಸು ಕಾಣಿ ಎನ್ನುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಹೆಡ್‌ಮಾಸ್ಟರು ಶಾಲು ಹೊದಿಸುತ್ತಾರೆ. ಹತ್ತನೇ ತರಗತಿಯ ಹುಡುಗಿಗೆ ಆ ಹೊತ್ತಿನಲ್ಲಿ ತಿಳಿಯಬೇಕಾದದ್ದು ತಾಲ್ಲೂಕಿನ ಪಿಯು ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಇದೆಯೇ, ಬಿಸಿಎಂ ಹಾಸ್ಟೆಲಿನಲ್ಲಿ ಸೀಟು ಸಿಗುತ್ತದೆಯೇ, ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ, ಅಪ್ಪನನ್ನು ಒಪ್ಪಿಸುವವರು ಯಾರು. ಇದೆಲ್ಲ ಗೊತ್ತಿರುವ ಮೇಡಂ ಆ ಸಭೆಯಲ್ಲಿ ಹಿಂದಿನ ಬೆಂಚಿನ ಹತ್ತಿರ ನಿಂತು, ಗಲಾಟೆ ಮಾಡುವ ಹುಡುಗರನ್ನು ಸುಮ್ಮನಿರಿಸುತ್ತಿರುತ್ತಾರೆ.

ಬರುವವರನ್ನು ಬರಬೇಡಿ ಎನ್ನುವುದಿಲ್ಲ. ಕಸಿನ್ಸ್ ಬರದಿದ್ದರೆ ನಮಗೆ ನಷ್ಟವಾಗುತ್ತಿತ್ತು. ಭಾಷಣದ ಅರ್ಧ ಗಂಟೆಯನ್ನು ಕಡಿಮೆ ಮಾಡಿ ಮಕ್ಕಳ ಜೊತೆ ಬಿಸಿಯೂಟಕ್ಕೆ ಕೂರಲಿ. ಅಲ್ಲಿ ಕಿವಿಗೆ ಬಿದ್ದದ್ದರಲ್ಲಿ ಹೇಳಬಹುದಾದಷ್ಟನ್ನು, ಮಗುವನ್ನು ಕೇಳಿಯೇ, ಹೊರಡುವ ಮುಂಚೆ ಕ್ಲಾಸ್ ಟೀಚರಿಗೆ ಹೇಳಿ ಹೋಗಲಿ. ಬಿ.ಎಡ್. ಓದುತ್ತಿರುವ ನೀವು ನಾಳೆ ಆ ಕ್ಲಾಸ್ ಟೀಚರುಗಳಾಗುವವರು. ಈ ದತ್ತಿಯನ್ನು ಸ್ಥಾಪಿಸಿದ ಕುಟುಂಬದವರಲ್ಲಿ ಒಂದು ಕೋರಿಕೆ. ಮುಂದಿನ ವರ್ಷ ಈ ಉಪನ್ಯಾಸಕ್ಕೆ ನನ್ನ ಹಾಗೆ ಹೊರ ಊರಿನಿಂದ ಬಂದು ಸಂಜೆಯ ಬಸ್ಸು ಹಿಡಿಯುವವರನ್ನು ಕರೆಯಬೇಡಿ. ಇದೇ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಹತ್ತನೇ ತರಗತಿಗೆ ಪಾಠ ಮಾಡುತ್ತಿರುವವರೊಬ್ಬರನ್ನು ಕರೆಯಿರಿ, ಅವರ ಹಳೆಯ ವಿದ್ಯಾರ್ಥಿಗಳು ಏನೇನಾದರು ಎಂದು ಕೇಳಿರಿ. ನನಗೆ ಕೊಟ್ಟದ್ದರ ಎರಡರಷ್ಟು ಸಮಯ ಅವರಿಗೆ ಬೇಕಾಗುತ್ತದೆ.